ಹಸಿ ಉಣ್ಣೆ

ಸ್ಟೂವರ್ಟನ್
೬ ಜೂನ್ ೧೯೨೭

ತಮ್ಮ ಗ್ಯಾವಿನ್‌ಗೆ,

ನನ್ನ ಅಕ್ಷರ ಕಂಡು ಎದೆ ಧಸಕ್ಕೆಂದಿದ್ದರೆ ಸಮಾಧಾನ ಮಾಡಿಕೋ. ಅಪ್ಪ ಬದುಕಿದ್ದಾನೆ. ಗಂಜಿ ಕುಡಿದು, ನೀಲಿ ಟೋಪಿ ಹಾಕಿಕೊಂಡೇ ಒಲೆಯ ಮುಂದೆ ಕೂತಿದ್ದಾನೆ. ಹೊಸವರ್ಷಕ್ಕೊಂದು ಕಾರ್ಡು ಬಿಟ್ಟರೆ ನಿನಗೆ ಬರೆದವಳಲ್ಲ ನಾನು. ಈಗ ಬರೆಯುತ್ತಿರುವುದು ನನಗೆ ಸಾಕಾಗಿದೆ ಎಂದು ಹೇಳುವುದಕ್ಕೆ.

ಅಪ್ಪನ ಬುದ್ಧಿ ಹೋಗಿ ಎರಡು ವರ್ಷವಾಗುತ್ತ ಬಂತು. ಅಮ್ಮ ಸತ್ತದ್ದು ಮರೆತ, ಯುದ್ಧ ನಡೆದದ್ದು ಮರೆತ, ಬೆಳಿಗ್ಗೆ ಉಂಡದ್ದು ಮಧ್ಯಾಹ್ನಕ್ಕೆ ಮರೆಯುತ್ತಾನೆ. ಒಂದೇ ಒಂದು ಮರೆತಿಲ್ಲ, ಟೋಪಿ ಕಾರ್ಖಾನೆಯ ಕೆಲಸ. ಮೂರು ತಲೆ ಹಿಡಿಸುವಷ್ಟು ಅಗಲಕ್ಕೆ ಹೆಣೆದ ಟೋಪಿಯನ್ನು ಬಿಸಿನೀರು, ಸಾಬೂನು ಹಾಕಿ ಮೆಟ್ಟಿ, ತಿಕ್ಕಿ, ಒಂದು ತಲೆಯ ಅಳತೆಗೆ ಕುಗ್ಗಿಸಿ ಗಟ್ಟಿ ಮಾಡುವುದು. ಜೀವಮಾನವಿಡೀ ಅದನ್ನೇ ಮಾಡಿದ ಕೈಗೆ ಈಗ ಉಣ್ಣೆ ಅಂತ ಯಾವುದು ಸಿಕ್ಕರೂ ಅದು ಹಸಿ, ಇನ್ನೂ ಕುಗ್ಗಿಸದ್ದು. ನನ್ನ ಜರ್ಸಿ ಹೋಯಿತು. ಕಾಲುಚೀಲಗಳೆಲ್ಲ ಬೊಂಬೆಗೆ ಹಾಕುವ ಹಾಗಾದವು. ಹೋದ ವಾರ ಎದುರುಮನೆ ಆಗ್ನೆಸ್ ಲಮಾಂಟ್ ಹಗ್ಗದ ಮೇಲೆ ಒಣಹಾಕಿದ್ದ ಕಂಬಳಿಯನ್ನು ಎಳೆದು ತಂದು ಹಂಡೆಗೆ ಹಾಕಿ ಮೆಟ್ಟಿಬಿಟ್ಟ. ಅವಳು ಕಿರುಚಿಕೊಂಡು ಬಂದಳು. “ಮುಂಗೋ, ಅದು ನನ್ನ ಮದುವೆ ಕಂಬಳಿ ಕಣಯ್ಯಾ!” ಅಪ್ಪ ಹಂಡೆಯೊಳಗೆ ನಿಂತುಕೊಂಡೇ, “ಹಸಿ ಉಣ್ಣೆ ಹೊರಗೆ ನೇತಾಕ್ತೀಯಲ್ಲ, ಮಾನ ಮರ್ಯಾದೆ ಇಲ್ವಾ ನಿಂಗೆ?” ಅಂದ. ನನಗೆ ನಗುವೂ ಬಂತು, ಅಳುವೂ ಬಂತು. ಎರಡಕ್ಕೂ ತ್ರಾಣವಿರಲಿಲ್ಲ.

ಕಾರ್ಖಾನೆಯಿಂದ ಮನೆಗೆ ತಂದು ಟೋಪಿಗಳ ನೆತ್ತಿಗೆ ಕುಚ್ಚು ಹೊಲಿದುಕೊಡುತ್ತಿದ್ದೆನಲ್ಲ, ಅದೂ ನಿಂತುಹೋಯಿತು. ಒಂದು ಚೀಲ ಟೋಪಿ ಅವನ ಕಣ್ಣಿಗೆ ಬಿತ್ತು. ಆಗಲೇ ಕುಗ್ಗಿಸಿದ್ದನ್ನು ಮತ್ತೆ ಕುಗ್ಗಿಸಿದರೆ ಏನು ಉಳಿಯುತ್ತದೆ, ನೀನೇ ಹೇಳು. ಹೋಗಲಿ, ಅದೂ ಅಲ್ಲ ದೊಡ್ಡದು. ಮಾರ್ಚಿನಲ್ಲಿ ಉಣ್ಣೆ ಜಾಲಿಸುತ್ತೇನೆಂದು ಆನಿಕ್ ಹೊಳೆಗೆ ಸೊಂಟದವರೆಗೆ ಇಳಿದುಬಿಟ್ಟಿದ್ದ. ಎಳೆದು ತಂದವಳು ನಾನೇ.

ಈಗ ವಿಷಯಕ್ಕೆ ಬರುತ್ತೇನೆ. ಡನ್‌ಲಪ್ ಹತ್ತಿರ ಕುರಿ ಕಾಯುವ ಕ್ವಿಂಟಿನ್ ಮಕ್ಲೆಲನ್ ನನ್ನನ್ನು ಮದುವೆಗೆ ಕೇಳಿದ್ದಾನೆ. ಹೆಂಡತಿ ಸತ್ತವನು, ಮಾತು ಕಡಿಮೆ, ಒಳ್ಳೆಯವನು. ಗ್ಯಾಲೊವೇ ಗುಡ್ಡದಲ್ಲಿ ಅವನಿಗೊಂದು ಹಿಡುವಳಿ ಸಿಕ್ಕಿದೆ. ಮಾರ್ಟಿನ್‌ಮಸ್ ಗಡುವಿಗೆ, ನವೆಂಬರ್ ಕೊನೆಗೆ, ಹೋಗಿ ಸೇರಬೇಕು. ನನಗೆ ನಲವತ್ತೊಂದು. ಇನ್ನೊಬ್ಬ ಬಂದು ಕೇಳುತ್ತಾನೆಂಬ ಭ್ರಮೆ ನನಗಿಲ್ಲ, ಕೇಳಲಿ ಎಂಬ ಆಸೆಯೂ ಇಲ್ಲ. ನನಗೆ ಇವನೊಟ್ಟಿಗೆ ಹೋಗಬೇಕು.

ಅಪ್ಪನನ್ನು ನೀನು ಇಟ್ಟುಕೋ. ಹದಿನಾರು ವರ್ಷದ ಹಿಂದೆ ಎಲ್ಲರೆದುರಿಗೆ ಕತ್ತರಿಸಿ ಹೊಲಿದ ನಿನ್ನ ಬಟ್ಟೆ ಕ್ಯಾಪನ್ನು ನೀಲಿ ಬಣ್ಣ ಅದ್ದುವ ಹಂಡೆಗೆ ಎಸೆದ, “ಕತ್ತರಿ ಬಿದ್ದ ಉಣ್ಣೆ ನನ್ನ ಮನೆಯೋರ ತಲೆ ಮೇಲೆ ಕೂಡದು” ಅಂದ, ನೀನು ಕಾರ್ಖಾನೆ, ಮನೆ ಎರಡೂ ಬಿಟ್ಟು ಹೋದೆ. ಒಪ್ಪುತ್ತೇನೆ. ಆದರೆ ಆ ಜಗಳ ನೆನಪಿರುವುದು ಈಗ ನಿನಗೊಬ್ಬನಿಗೇ.

ಇಂತಿ ನಿನ್ನ ಅಕ್ಕ,
ಮಿರೆನ್


ಪಾರ್ಟಿಕ್, ಗ್ಲಾಸ್ಗೋ
೧೯ ಜೂನ್ ೧೯೨೭

ಅಕ್ಕಾ,

ಕಾಗದ ತಲುಪಿತು. ಮದುವೆಯ ಸುದ್ದಿ ಓದಿ ನಿಜವಾಗಿಯೂ ಸಂತೋಷವಾಯಿತು. ತಡವಾದರೂ ಆಯಿತಲ್ಲ.

ಅಪ್ಪನ ವಿಷಯ. ನಮ್ಮದು ಎರಡು ಕೋಣೆಯ ಮನೆ, ಮೂರನೆಯ ಅಂತಸ್ತು. ನಾನು ಬೆಳಿಗ್ಗೆ ಕ್ಯಾಪಿನ ಅಂಗಡಿಗೆ ಹೋದರೆ ಬರುವುದು ಸಂಜೆಗೆ. ಇಡೀ ದಿನ ನೋಡಿಕೊಳ್ಳಬೇಕಾದವಳು ನನ್ನ ಹೆಂಡತಿ, ಫೀಮಿ. ಅವಳ ನರ ಬಹಳ ಸೂಕ್ಷ್ಮ. ಬಾಯಿಬಿಟ್ಟು ಬೇಡವೆಂದಿಲ್ಲ, ಆದರೆ ಮುಖ ನೋಡಿದರೆ ಗೊತ್ತಾಗುತ್ತದೆ. ಪಟ್ಟಣದ ಹೆಂಗಸು, ನೀನು ತಪ್ಪು ತಿಳಿಯಬೇಡ.

ನೀನು ಸ್ವಲ್ಪ ಹೆಚ್ಚಿಗೆ ಹೇಳುತ್ತಿದ್ದೀಯೇನೋ ಎಂದೂ ಅನಿಸಿತು. ವಯಸ್ಸಾದವರು ಏನಾದರೊಂದು ಹಚ್ಚಿಕೊಂಡು ಕೂರುವುದು ಇದ್ದದ್ದೇ. ನಿಮ್ಮ ಜೊತೆ ಗುಡ್ಡಕ್ಕೇ ಕರೆದುಕೊಂಡು ಹೋದರಾಗದೇ? ಗಾಳಿ ಚೆನ್ನಾಗಿರುತ್ತದೆ.

ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಯುದ್ಧದಲ್ಲಿ ನಾಲ್ಕು ವರ್ಷ ನನ್ನ ತಲೆಯ ಮೇಲಿದ್ದದ್ದು ಸ್ಟೂವರ್ಟನ್ನಿನ ಖಾಕಿ ಟೋಪಿಯೇ. ಅವನ ಕೈಯಲ್ಲೇ ಹಾದು ಬಂದದ್ದಿರಬಹುದು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅದು ಅವನಿಗೆ ಗೊತ್ತಾಗಬೇಕಿಲ್ಲ.

ಅವನಿಗೆಂದು ಒಂದು ಉಣ್ಣೆ ವೇಸ್ಟ್‌ಕೋಟು ಕಳಿಸಿದ್ದೇನೆ. ಒಳ್ಳೆಯ ಮಾಲು.

ನಿನ್ನ ತಮ್ಮ,
ಗ್ಯಾವಿನ್


ಸ್ಟೂವರ್ಟನ್
೧ ಜುಲೈ ೧೯೨೭

ಗ್ಯಾವಿನ್,

ವೇಸ್ಟ್‌ಕೋಟು ಬಂತು. ಮಧ್ಯಾಹ್ನದವರೆಗೆ ಇತ್ತು. ಈಗ ಆಗ್ನೆಸ್‌ಳ ಬೆಕ್ಕಿಗೆ ಸರಿಹೋಗುತ್ತದೆ, ಬೆಕ್ಕು ಒಪ್ಪಿದರೆ.

ಗುಡ್ಡಕ್ಕೆ ಕರೆದುಕೊಂಡು ಹೋಗು ಎಂದಿದ್ದೀಯ. ಸುತ್ತಲೂ ನಾನೂರು ಕುರಿ ಗ್ಯಾವಿನ್, ಮೈತುಂಬ ಹಸಿ ಉಣ್ಣೆ ಹೊತ್ತುಕೊಂಡು ಓಡಾಡುವ ಕುರಿ! ಅಪ್ಪ ಅವುಗಳನ್ನು ಜೀವಂತ ಹಂಡೆಗಿಳಿಸುತ್ತಾನೆ. ಕ್ವಿಂಟಿನ್‌ಗೆ ಇದನ್ನು ಹೇಳಿದರೆ ಮೊದಲನೇ ಸಲ ಅವನು ಹಲ್ಲು ಬಿಟ್ಟು ನಕ್ಕದ್ದು ನೋಡಿದೆ. ಆಮೇಲೆ ನಗು ನಿಂತಿತು. ಮನೆಯ ಬಾಗಿಲಿಗೇ ಒಂದು ಝರಿ ಇದೆಯಂತೆ, ಚಳಿಗಾಲದಲ್ಲಿ ಉಕ್ಕುತ್ತದೆ. ಹತ್ತಿರದಲ್ಲಿ ಇನ್ನೊಂದು ಮನೆಯಿಲ್ಲ. ಕ್ವಿಂಟಿನ್ ಬೆಟ್ಟದ ಮೇಲಿದ್ದಾಗ ನಾನೊಬ್ಬಳೇ. ಇಲ್ಲಿಯಾದರೆ ಅಪ್ಪ ಹೊಳೆಯ ಕಡೆ ಹೊರಟರೆ ನಾಲ್ಕು ಜನ ಕೂಗುತ್ತಾರೆ.

ನಾನು ಹೆಚ್ಚಿಗೆ ಹೇಳುತ್ತಿದ್ದೇನೆ ಎಂದಿದ್ದೀಯ. ಅದಕ್ಕೆ ಉತ್ತರ ಬರೆದೆ, ಆಮೇಲೆ ಹರಿದು ಹಾಕಿದೆ. ಇದೇ ತಿಂಗಳು ನಿಮ್ಮ ಗ್ಲಾಸ್ಗೋ ರಜೆ ಇದೆಯಲ್ಲ, ಊರಿಗೆ ಊರೇ ಅಂಗಡಿ ಮುಚ್ಚುತ್ತದಲ್ಲ. ಬಾ. ರೈಲಿನಲ್ಲಿ ಒಂದೇ ಗಂಟೆಯ ದಾರಿ. ಒಂದು ದಿನ ಇದ್ದು ನೋಡು, ಆಮೇಲೆ ಹೇಳು.

ಮಿರೆನ್


[ಪೋಸ್ಟ್‌ಕಾರ್ಡ್: ರೋತ್‌ಸೇ ದಡ, ಹಡಗುಕಟ್ಟೆ]

೨೦ ಜುಲೈ ೧೯೨೭

ಅಕ್ಕಾ, ಈ ಸಲ ಬರಲಾಗಲಿಲ್ಲ. ಫೀಮಿಗೆ ಸಮುದ್ರದ ಗಾಳಿ ಬೇಕೆಂದು ಮೊದಲೇ ಮಾತು ಕೊಟ್ಟಿದ್ದೆ. ಇಲ್ಲಿ ಜನವೋ ಜನ. ಹವೆ ಪರವಾಗಿಲ್ಲ. ಸೆಪ್ಟೆಂಬರಿನಲ್ಲಿ ಖಂಡಿತ. — ಗ್ಯಾವಿನ್


ಸ್ಟೂವರ್ಟನ್
೨ ಆಗಸ್ಟ್ ೧೯೨೭

ಗ್ಯಾವಿನ್,

ಹಡಗುಕಟ್ಟೆ ಚೆನ್ನಾಗಿದೆ. ಅಪ್ಪನಿಗೆ ತೋರಿಸಿದೆ. “ಯಾರು ಕಳಿಸಿದ್ದು?” ಅಂದ. ಗ್ಯಾವಿನ್ ಅಂದೆ. “ಅವ್ನು ಕಾರ್ಖಾನೇಲಿದಾನಲ್ಲೇ, ಆರಕ್ಕೆ ಬರ್ತಾನೆ” ಅಂದ. ಪ್ರತಿದಿನ ಆರು ಗಂಟೆಗೆ ಕಾರ್ಖಾನೆಯ ಸೀಟಿ ಕೂಗಿದಾಗ ಬಾಗಿಲ ಕಡೆ ನೋಡುತ್ತಾನೆ. ಹತ್ತು ನಿಮಿಷ ನೋಡಿ ಮರೆಯುತ್ತಾನೆ. ಇದನ್ನು ನಿನ್ನ ಮನಸ್ಸು ಕರಗಿಸಲು ಬರೆಯುತ್ತಿಲ್ಲ. ಕರಗುವ ಹಾಗಿದ್ದರೆ ಇಷ್ಟು ಹೊತ್ತಿಗೆ ಕರಗುತ್ತಿತ್ತು.

ಡಾಕ್ಟರು, ಬಡವರ ಆಸ್ಪತ್ರೆಗೆ ಸೇರಿಸಿಬಿಡಮ್ಮ, ಅಲ್ಲಿ ನೋಡಿಕೊಳ್ಳುವವರಿದ್ದಾರೆ ಎಂದರು. ಒಂದು ದಿನ ಹೋಗಿ ನೋಡಿ ಬಂದೆ. ಸಾಲಾಗಿ ಕೂತಿದ್ದಾರೆ, ಎಲ್ಲರ ಟೋಪಿಯನ್ನೂ ಬಾಗಿಲಲ್ಲೇ ತೆಗೆಸಿಬಿಡುತ್ತಾರೆ. ಚರ್ಚು ಬಿಟ್ಟರೆ ಬೇರೆಲ್ಲೂ ಅಪ್ಪ ಬರಿತಲೆಯಲ್ಲಿ ಕೂತದ್ದನ್ನು ನಾನು ನೋಡಿಲ್ಲ. ನನ್ನ ಕೈಯಲ್ಲಾಗಲಿಲ್ಲ, ತಿರುಗಿ ಬಂದೆ.

ಕ್ವಿಂಟಿನ್ ಭಾನುವಾರ ಬಂದಿದ್ದ. ಅಪ್ಪ ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಅಳತೆ ನೋಡಿ, “ದೊಡ್ ತಲೆ ಕಣಯ್ಯಾ ನಿಂದು, ಒಳಗೇನಾದ್ರೂ ಐತೋ?” ಎಂದು ಕೇಳಿದ. ಕ್ವಿಂಟಿನ್ ಗಂಭೀರವಾಗಿ, “ಅಷ್ಟೇನಿಲ್ಲ” ಎಂದ. ಹೋಗುವಾಗ ಬಾಗಿಲಲ್ಲಿ ನಿಂತು, ಅಕ್ಟೋಬರೊಳಗೆ ಮದುವೆಗೆಂದು ಚರ್ಚಿನಲ್ಲಿ ನಮ್ಮಿಬ್ಬರ ಹೆಸರು ಕೂಗಿಸಬೇಕಾಗುತ್ತದೆ ಎಂದಷ್ಟೇ ಹೇಳಿದ. ಅವನು ಅವಸರ ಮಾಡುವವನಲ್ಲ. ಅದಕ್ಕೇ ನನಗೆ ಹೆಚ್ಚು ಕಷ್ಟ.

ದಣಿದಿದ್ದೇನೆ ಗ್ಯಾವಿನ್. ಮಲಗಿದರೆ ಹೋಗುವ ದಣಿವಲ್ಲ ಇದು.

ಮಿರೆನ್


ಪಾರ್ಟಿಕ್, ಗ್ಲಾಸ್ಗೋ
೧೪ ಸೆಪ್ಟೆಂಬರ್ ೧೯೨೭

ಅಕ್ಕಾ,

ನಿನ್ನೆ ನಾನು ಊರಿಗೆ ಬಂದಾಗ ಅಪ್ಪನನ್ನು ನನಗೊಪ್ಪಿಸಿ ಡನ್‌ಲಪ್ಪಿಗೆ ಹೋದ ನೀನು ತಿರುಗಿ ಬಂದು, “ಹೆಂಗಿತ್ತೋ?” ಎಂದು ಕೇಳಿದಾಗ ರೈಲಿಗೆ ಹೊತ್ತಾಯಿತೆಂದು ಓಡಿದೆ. ನಡೆದದ್ದನ್ನು ಈಗ ಬರೆಯುತ್ತೇನೆ.

ನೀನು ಹೊರಟ ಮೇಲೆ ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಏನ್ ಬೇಕಾಗಿತ್ತು?” ಅಂದ. “ಅಪ್ಪಾ, ನಾನು ಗ್ಯಾವಿನ್” ಅಂದೆ. “ಗ್ಯಾವಿನ್ ಇಲ್ಲ, ಕಾರ್ಖಾನೆಗೆ ಹೋಗಿದಾನೆ. ಕೂತ್ಕೊಳ್ಳಿ ಬೇಕಾದ್ರೆ” ಅಂದ. ಕೂತ್ಕೊಳ್ಳಿ! ನನ್ನ ಜನ್ಮದಲ್ಲಿ ಅಪ್ಪನಿಂದ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ಎರಡು ಏಟು ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಆಮೇಲೆ ನನ್ನ ಮೊಣಕಾಲ ಮೇಲಿದ್ದ ಕ್ಯಾಪು ಅವನ ಕಣ್ಣಿಗೆ ಬಿತ್ತು. ತೆಗೆದುಕೊಂಡು ತಿರುಗಿಸಿದ. ಹೆಬ್ಬೆರಳಿನಿಂದ ಹೊಲಿಗೆಗಳ ಮೇಲೆ ಸವರಿದ. “ತುಂಡು ತುಂಡು ಜೋಡಿಸಿದಾರಲ್ಲ ಸ್ವಾಮಿ. ಯಾರೋ ನಿಮಗೆ ಚೆನ್ನಾಗಿ ಮೋಸ ಮಾಡಿದಾರೆ” ಅಂದ. ಅಂಗಡಿಯ ಅತ್ಯುತ್ತಮ ಮಾಲು ಅಕ್ಕಾ, ಅವನಿಗೆ ತೋರಿಸಬೇಕೆಂದೇ ಹಾಕಿಕೊಂಡು ಬಂದಿದ್ದೆ. “ಪಾಪ, ಹಸಿಯಾಗೇ ಮಾರ್ಬಿಟ್ಟಿದಾರೆ. ತಾಳಿ, ಸರಿ ಮಾಡ್ಕೊಡ್ತೀನಿ” ಎಂದು ಹಂಡೆಗೆ ಹಾಕಿದ. ಕಸಿದುಕೊಳ್ಳಬಹುದಿತ್ತು. ಸುಮ್ಮನೆ ಕೂತೆ. ಮುಂದಿನ ಅಂಚಿನ ರಟ್ಟು ಕರಗಿ ಅಂಬಲಿಯಾಯಿತು. ಅಪ್ಪ ಅದನ್ನು ಬೆರಳಲ್ಲಿ ತೆಗೆದು ತೋರಿಸಿ, “ನೋಡಿ, ಒಳಗೆ ಕಾಗದ!” ಎಂದು ಮರುಗಿದ. ನನಗೋಸ್ಕರ ಮರುಗಿದ.

ಆರಕ್ಕೆ ಸೀಟಿ ಕೂಗಿತು. ಅಪ್ಪ ಬಾಗಿಲ ಕಡೆ ತಿರುಗಿದ. ನನಗೆ ಏನಾಯಿತೋ ಗೊತ್ತಿಲ್ಲ. ಹಿತ್ತಲ ಬಾಗಿಲಿಂದ ಹೊರಗೆ ಹೋಗಿ, ಸಂದಿ ಸುತ್ತಿಕೊಂಡು ಬಂದು, ಮುಂಬಾಗಿಲು ತೆರೆದು ಒಳಗೆ ಬಂದೆ. ಅಪ್ಪ ತಲೆಯೆತ್ತಿ, “ಬಂದ್ಯಾ? ಕೈ ತೊಳ್ಕೊ, ಸಾರು ಆರ್ತಾ ಐತೆ” ಅಂದ. ಒಲೆಯ ಮೇಲೆ ಸಾರೇ ಇರಲಿಲ್ಲ. ಕೈ ತೊಳೆದುಕೊಂಡೆ. ಅಪ್ಪ ನನ್ನ ಕೈ ಹಿಡಿದು ಉಗುರು ನೋಡಿದ. “ಬಣ್ಣವೇ ಇಲ್ವಲ್ಲೋ. ಇವತ್ತು ನಿನ್ನ ನೀಲಿ ಹಂಡೆ ಹತ್ರ ಹಾಕ್ಲಿಲ್ವಾ?” “ಇಲ್ಲಪ್ಪಾ.” “ನಾಳೆ ಮೇಸ್ತ್ರಿಗೆ ಹೇಳ್ತೀನಿ, ಸುಮ್ನಿರು” ಅಂದ.

ಶನಿವಾರ ಬಂದು ಕರೆದುಕೊಂಡು ಬರುತ್ತೇನೆ. ನೀನು ಮದುವೆಗೆ ಸಿದ್ಧ ಮಾಡಿಕೋ.

ಗ್ಯಾವಿನ್


ಸ್ಟೂವರ್ಟನ್
೨೭ ಸೆಪ್ಟೆಂಬರ್ ೧೯೨೭

ತಮ್ಮಾ,

ರೈಲು ಹೊರಟ ಮೇಲೆ ಮನೆಗೆ ಬಂದು ಸುಮ್ಮನೆ ಕೂತೆ. ಬಾಗಿಲು ತೆರೆದೇ ಇಟ್ಟು ಕೂತೆ, ಅದೇ ಒಂದು ಭಾಗ್ಯ. ಹಂಡೆ ಒಣಗಿದ್ದು ನೋಡಿ ಎಷ್ಟು ಕಾಲವಾಗಿತ್ತು! ಒಂದು ಹೊಸ ಉಣ್ಣೆ ಸ್ಕರ್ಟು ಕೊಂಡೆ. ಅದನ್ನು ಹಗಲು ಹೊತ್ತಿನಲ್ಲಿ ಕುರ್ಚಿಯ ಮೇಲೆ ಬಿಟ್ಟು ಅಂಗಡಿಗೆ ಹೋಗಿ ಬಂದೆ. ಬಂದಾಗ ಅದು ಕುರ್ಚಿಯ ಮೇಲೇ ಇತ್ತು. ನಿನಗೆ ಇದು ಹುಚ್ಚೆನಿಸಬಹುದು.

ಗಂಜಿಗೆ ಉಪ್ಪು ಸ್ವಲ್ಪ ಮುಂದಾಗಿರಬೇಕು, ಫೀಮಿಗೆ ಹೇಳು. ಬೂಟಿನ ದಾರ ಬಿಗಿದರೆ ಒದೆಯುತ್ತಾನೆ. ಕ್ಷೌರ ಮಾಡುವಾಗ ಹಾಡಿದರೆ ಅಲುಗಾಡುವುದಿಲ್ಲ, ಯಾವ ಹಾಡಾದರೂ ನಡೆಯುತ್ತದೆ. ಅವಳಿಗೆ ತೊಂದರೆ ಕೊಡುತ್ತಿದ್ದೇನೆಂದು ಸಂಕೋಚವಾಗುತ್ತದೆ. ಮುಖ ನೋಡಿಲ್ಲದ ಅತ್ತಿಗೆಯಿಂದ ಇಂಥ ಉಡುಗೊರೆ ಯಾರಿಗೂ ಬೇಡ.

ನನ್ನನ್ನು ಕೇಳುತ್ತಾನೆಯೇ?

ಮಿರೆನ್


ಪಾರ್ಟಿಕ್, ಗ್ಲಾಸ್ಗೋ
೯ ಅಕ್ಟೋಬರ್ ೧೯೨೭

ಅಕ್ಕಾ,

ಅಪ್ಪ ಕ್ಷೇಮ. ಊಟ ಸೇರುತ್ತದೆ. ಮೂರು ಅಂತಸ್ತು ಹತ್ತಿಳಿಯುವುದು ಕಷ್ಟ, ಹಾಗಾಗಿ ಹೊರಗೆ ಓಡುವ ಭಯವಿಲ್ಲ. ಬೀದಿ ಮಕ್ಕಳು ಕಿಟಕಿಯಲ್ಲಿ ಅವನ ಟೋಪಿ ನೋಡಿ ಮೊದಲೆರಡು ದಿನ ಕೂಗಿದರು, ಈಗ ರೂಢಿಯಾಗಿದೆ. ಫೀಮಿಯ ಎರಡು ಶಾಲು, ನನ್ನ ಮಫ್ಲರು ಹೋದವು. ನಾನು ದಿನಾ ಆರಕ್ಕೆ ಬಾಗಿಲು ತಟ್ಟಿ ಒಳಗೆ ಬರುತ್ತೇನೆ. ಅಂಗಡಿಯಲ್ಲಿ ಎಷ್ಟೇ ಗಿರಾಕಿಯಿದ್ದರೂ ಬಿಟ್ಟು ಬರಬೇಕು. ಫೀಮಿ ಸೋತಿದ್ದಾಳೆ.

ಇಲ್ಲಿ ಮಂಜು ಕವಿದಿದೆ. ಬೇರೇನೂ ವಿಶೇಷವಿಲ್ಲ.

ಗ್ಯಾವಿನ್


ಸ್ಟೂವರ್ಟನ್
೧೪ ಅಕ್ಟೋಬರ್ ೧೯೨೭

ಗ್ಯಾವಿನ್,

ಈ ಭಾನುವಾರ ಚರ್ಚಿನಲ್ಲಿ ನಮ್ಮ ಹೆಸರು ಕೂಗುತ್ತಾರೆ. ಕ್ವಿಂಟಿನ್ ಕೋಟು ಉಜ್ಜಿಸಿಕೊಂಡಿದ್ದಾನೆ.

ಒಂದು ಮಾತು ಕೇಳಿದ್ದೆ. ಉತ್ತರ ಬರೆಯಲಿಲ್ಲ. ಮರೆತಿದ್ದೀಯೋ, ಬೇಕೆಂದೇ ಬಿಟ್ಟಿದ್ದೀಯೋ?

ಮಿರೆನ್


ಪಾರ್ಟಿಕ್, ಗ್ಲಾಸ್ಗೋ
೧೯ ಅಕ್ಟೋಬರ್ ೧೯೨೭

ಅಕ್ಕಾ,

ಹೇಳಬಾರದೆಂದಿದ್ದೆ. ನೀನೇ ಕೇಳಿದೆ. ಅಪ್ಪ ನಿನ್ನನ್ನು ಕೇಳುತ್ತಾನೆ. ಬೆಳಗಾದರೆ ಮಿರೆನ್, ಸಂಜೆಯಾದರೆ ಮಿರೆನ್. “ನನ್ನ ಮಗಳೆಲ್ಲಿ, ನನ್ನ ಯಾಕೆ ಬಿಟ್ಟು ಹೋದ್ಲು” ಎಂದು ಬಾಗಿಲು ಹಿಡಿದು ನಿಲ್ಲುತ್ತಾನೆ. ತುತ್ತು ಬಾಯಿಗಿಟ್ಟರೆ ಉಗುಳುತ್ತಾನೆ. ಫೀಮಿ ನಿನ್ನೆ, “ಅವ್ರಿರ್ಬೇಕು ಇಲ್ಲ ನಾನಿರ್ಬೇಕು” ಅಂದಳು. ಅವಳನ್ನು ದೂರಲಾರೆ.

ನಾನು ಪ್ರಯತ್ನಪಟ್ಟೆ ಅಕ್ಕಾ. ದೇವರಾಣೆಗೂ ಪಟ್ಟೆ. ಅವನಿಗೆ ಬೇಕಾಗಿರುವುದು ನೀನು. ಒಂದು ವರ್ಷದ ಮಟ್ಟಿಗೆ ಕ್ವಿಂಟಿನ್ ಕಾಯಲಾರನೇ? ಒಳ್ಳೆಯವನೆಂದು ನೀನೇ ಬರೆದಿದ್ದೆಯಲ್ಲ.

ಗ್ಯಾವಿನ್


ಸ್ಟೂವರ್ಟನ್
೨೨ ಅಕ್ಟೋಬರ್ ೧೯೨೭

ಗ್ಯಾವಿನ್,

ಗುರುವಾರ ಬರುತ್ತೇನೆ. ಮಧ್ಯಾಹ್ನದ ರೈಲಿಗೆ. ಅಪ್ಪನ ಬಟ್ಟೆ ಕಟ್ಟಿಡು.

ಕ್ವಿಂಟಿನ್‌ಗೆ ಆಗುವುದಿಲ್ಲವೆಂದು ಬರೆದು ಹಾಕಿದೆ. ಹಿಡುವಳಿ ಒಂದು ವರ್ಷ ಕಾಯುವುದಿಲ್ಲ. ಮದುವೆಯಾಗದೆ, ಒಬ್ಬನೇ ಆ ಗುಡ್ಡದ ಮೇಲೆ ಅವನೂ ಇರಲಾರ. ಇನ್ನೊಬ್ಬಳನ್ನು ನೋಡಿಕೊಳ್ಳುತ್ತಾನೆ, ನೋಡಿಕೊಳ್ಳಲಿ. ಹೆಸರು ಕೂಗುವುದು ನಿಲ್ಲಿಸಿ ಎಂದು ಪಾದ್ರಿಗಳಿಗೂ ಹೇಳಿ ಬಂದೆ. ಅವರು ಏನೂ ಕೇಳಲಿಲ್ಲ. ಅಷ್ಟರಮಟ್ಟಿಗೆ ಉಪಕಾರ.

ಅಪ್ಪ ಬಾಗಿಲು ಹಿಡಿದು ನಿಂತದ್ದು ಕಣ್ಣಿಗೆ ಕಟ್ಟುತ್ತದೆ. ಇಷ್ಟು ವರ್ಷ ನಾನು ಎದುರಿಗೇ ಇದ್ದೆನಲ್ಲ, ಹೆಸರು ಹಿಡಿದು ಕರೆದವನಲ್ಲ, “ಏಯ್” ಅನ್ನುತ್ತಿದ್ದ, ಇಲ್ಲ ಅಮ್ಮನ ಹೆಸರು ಹೇಳುತ್ತಿದ್ದ. ದೂರ ಹೋದ ಮೇಲಾದರೂ ನನ್ನ ಹೆಸರು ಬಾಯಿಗೆ ಬಂತಲ್ಲ. ಬರುತ್ತೇನೆ ಎಂದು ಹೇಳು. ಫೀಮಿಗೆ ನನ್ನ ಕ್ಷಮೆ ತಿಳಿಸು.

ಮಿರೆನ್


ಪಾರ್ಟಿಕ್, ಗ್ಲಾಸ್ಗೋ
೨೫ ಅಕ್ಟೋಬರ್ ೧೯೨೭

ಮಿರೆನ್ ಅಕ್ಕನವರಿಗೆ,

ನಾನು ಫೀಮಿ. ನಾವು ಒಬ್ಬರನ್ನೊಬ್ಬರು ನೋಡಿಲ್ಲ. ನನಗೆ ಕಾಗದ ಬರೆದು ರೂಢಿಯಿಲ್ಲ, ಹಾಗಾಗಿ ನೇರವಾಗಿ ಬರೆಯುತ್ತೇನೆ. ನೀವು ಬರಬೇಡಿ.

ನಿಮ್ಮ ಕಾಗದ ಓದಿದ ಮೇಲೆ ಗ್ಯಾವಿನ್ ಊಟ ಮಾಡಲಿಲ್ಲ. ಏನಾಯಿತೆಂದು ಎರಡು ಸಲ ಕೇಳಿದೆ. ಮೂರನೆಯ ಸಲಕ್ಕೆ ಬಾಯಿ ಬಿಟ್ಟ. ನಿಮಗೆ ಬರೆದದ್ದು ಸುಳ್ಳು. ಮಾವ ನಿಮ್ಮನ್ನು ಕೇಳುವುದಿಲ್ಲ. ಬಂದ ದಿನದಿಂದ ಒಂದು ಸಲವೂ ನಿಮ್ಮ ಹೆಸರು ಎತ್ತಿಲ್ಲ. ತಮ್ಮ ತಾಯಿಯನ್ನು ಕರೆಯುತ್ತಾರೆ, ಬ್ರೌನಿ ಎಂಬ ನಾಯಿಯನ್ನು ಕರೆಯುತ್ತಾರೆ. ನೀವು ಬರೆದ ಹಾಗೆ ಹಾಡಿಕೊಂಡು ಕ್ಷೌರ ಮಾಡಿದರೆ ಸುಮ್ಮನಿರುತ್ತಾರೆ. ಊಟವನ್ನೂ ಉಗುಳುತ್ತಿಲ್ಲ. ಇದನ್ನು ಓದಿ ನಿಮಗೆ ಎಷ್ಟು ನೋವಾಗುತ್ತದೆಂದು ಗೊತ್ತು. ಆದರೆ ಸುಳ್ಳು ನಂಬಿ ನೀವು ಬದುಕು ಹಾಳುಮಾಡಿಕೊಳ್ಳುವುದು ನನಗೆ ಸಹಿಸಲಾಗಲಿಲ್ಲ.

“ಅವ್ರಿರ್ಬೇಕು ಇಲ್ಲ ನಾನಿರ್ಬೇಕು” ಎಂದು ನಾನು ಅಂದವಳಲ್ಲ. ಜೂನಿನಲ್ಲಿ ನಿಮ್ಮ ಮೊದಲ ಕಾಗದ ಬಂದಾಗಲೇ, “ಕರ್ಕೊಂಡ್ ಬಾ, ಜಾಗ ಮಾಡ್ಕೊಳೋಣ” ಅಂದಿದ್ದೆ. ರೋತ್‌ಸೇಗೆ ಹೋಗೋಣವೆಂದು ಹಟ ಹಿಡಿದವನೂ ಅವನೇ, ನನಗೆ ಹಡಗು ಹತ್ತಿದರೆ ವಾಂತಿ. ನನ್ನ ನರ ಸೂಕ್ಷ್ಮವಂತೆ! ಪೇಸ್ಲಿಯಲ್ಲಿ ಹನ್ನೆರಡು ವರ್ಷ ಬಟ್ಟೆ ಒಗೆದವಳು ನಾನು.

ಅವನನ್ನು ಬಹಳ ಬಯ್ಯಬೇಡಿ, ನಾನು ಆಗಲೇ ಬಯ್ದಿದ್ದೇನೆ. ಅವನಿಗೆ ತಡೆಯಲಾಗದ್ದು ಬೇರೆ. ಆರಕ್ಕೆ ಬಾಗಿಲು ತಟ್ಟಿ ಬಂದರೆ ಮಾವ ಮಗನೆಂದು ಕರೆದು ಕೂರಿಸಿಕೊಳ್ಳುತ್ತಾರೆ. ಏಳಕ್ಕೆ, “ಯಾರಮ್ಮಾ ಈತ, ಯಾವಾಗ ಹೋಗ್ತಾರೆ?” ಎಂದು ನನ್ನನ್ನು ಕೇಳುತ್ತಾರೆ. ದಿನಾ ಹೀಗೆ. ಗ್ಯಾವಿನ್ ಮೆಟ್ಟಿಲ ಮೇಲೆ ಹೋಗಿ ಕೂರುತ್ತಾನೆ. ಗಂಡಸರಿಗೆ ಇದಕ್ಕೆಲ್ಲ ಅಭ್ಯಾಸವಿಲ್ಲ.

ಮಾವನ ಕೆಲಸಕ್ಕೊಂದು ದಾರಿ ಕಂಡುಕೊಂಡಿದ್ದೇನೆ. ಉಣ್ಣೆಯನ್ನೆಲ್ಲ ಪೆಟ್ಟಿಗೆಗೆ ಹಾಕಿ ಬೀಗ ಹಾಕಿದೆ. ಹಂಡೆಗೆ ಹಳೆಯ ಹತ್ತಿ ದುಪ್ಪಟಿ ಹಾಕಿಕೊಟ್ಟೆ. ಹತ್ತಿ ಎಷ್ಟು ತಿಕ್ಕಿದರೂ ಕುಗ್ಗುವುದಿಲ್ಲ. “ಎಂಥಾ ಹಟಮಾರಿ ಉಣ್ಣೆ ತಂದಿದೀಯಮ್ಮಾ!” ಎಂದು ಬಯ್ಯುತ್ತ ಇಡೀ ದಿನ ತಿಕ್ಕುತ್ತಾರೆ. ಬಯ್ಯುವುದೆಂದರೆ ಅವರಿಗೆ ಬಹಳ ಸಂತೋಷ. ನನ್ನ ದುಪ್ಪಟಿಗಳು ಇಷ್ಟು ಬೆಳ್ಳಗೆ ಯಾವತ್ತೂ ಇರಲಿಲ್ಲ. ನಾನು ಸೋತಿದ್ದೇನೆಂಬುದು ನಿಜ, ಸಂಜೆಗೆ ಕಾಲು ಬಾತಿರುತ್ತದೆ. ಆದರೆ ನೀವು ಸೋತಷ್ಟು ಇನ್ನೂ ಸೋತಿಲ್ಲ. ನನ್ನ ಸರದಿ ಈಗ ಶುರುವಾಗಿದೆ.

ಆ ಕುರಿಯವರನ್ನು ಹೋಗಿ ಕಾಣಿ. ಕಾಗದ ಬರೆಯುತ್ತ ಕೂರಬೇಡಿ.

ನಿಮ್ಮ,
ಫೀಮಿ


ಸ್ಟೂವರ್ಟನ್
೧೪ ನವೆಂಬರ್ ೧೯೨೭

ಫೀಮಿ,

ನಿನ್ನ ಕಾಗದ ಬಂದಾಗ ನನ್ನ ಪೆಟ್ಟಿಗೆ ಬಾಗಿಲ ಹತ್ತಿರ ಸಿದ್ಧವಾಗಿತ್ತು. ಹೊಸ್ತಿಲ ಮೇಲೆ ಕೂತು ಓದಿದೆ. ಒಂದು ಸಲವೂ ಹೆಸರು ಎತ್ತಿಲ್ಲ ಎನ್ನುವಲ್ಲಿಗೆ ಬಂದು ಕಣ್ಣು ನಿಂತುಬಿಟ್ಟಿತು. ನಿನ್ನ ಮೇಲೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಅವನಿಗೆ ಉಣಿಸಿದ್ದೇನೆ, ಉಗುರು ತೆಗೆದಿದ್ದೇನೆ, ಹೊಳೆಯಿಂದ ಎಳೆದು ತಂದಿದ್ದೇನೆ. ನಾಯಿಯ ಹೆಸರು ನೆನಪಿದೆ! ಹೊಟ್ಟೆ ತುಂಬ ಅತ್ತೆ. ಆಗ್ನೆಸ್ ಓಡಿ ಬಂದು, “ಅಯ್ಯೋ, ಮುಂಗೋ ಹೋದ್ನೇನೇ?” ಅಂದಳು. “ಇಲ್ಲ ಕಣೇ, ಹೋಗಿದ್ದು ನಾನು” ಅಂದೆ. ಅವಳಿಗೆ ಅರ್ಥವಾಗಲಿಲ್ಲ, ಟೀ ಮಾಡಿಕೊಟ್ಟಳು.

ಟೀ ಕುಡಿದು ಎದ್ದು ನಿಂತೆ. ಮೈ ಹಗುರವೆನಿಸಿ ನನಗೇ ನಾಚಿಕೆಯಾಯಿತು. ನಾನಿಲ್ಲವೆಂಬುದು ಅವನಿಗೆ ತಿಳಿಯುವುದೇ ಇಲ್ಲವೆಂದ ಮೇಲೆ, ನಾನು ಬಿಟ್ಟು ಹೋಗುವುದಾದರೂ ಯಾರನ್ನು? ಹಾಗೆಂದುಕೊಂಡೇ ಡನ್‌ಲಪ್ಪಿನ ದಾರಿ ಹಿಡಿದೆ. ಮಳೆ ಹನಿಯುತ್ತಿತ್ತು, ಕೊಡೆ ಮರೆತಿದ್ದೆ.

ಕ್ವಿಂಟಿನ್ ಕುರಿಯೊಂದರ ಗೊರಸು ಕೆರೆಯುತ್ತಿದ್ದ. ನನ್ನನ್ನು ನೋಡಿದರೂ ಕುರಿಯನ್ನು ಬಿಡಲಿಲ್ಲ. “ಕಾಗದ ಬಂತು” ಅಂದ. “ಅದನ್ನ ಒಲೆಗೆ ಹಾಕು” ಅಂದೆ. “ಅವತ್ತೇ ಹಾಕ್ದೆ” ಅಂದ. ಆಮೇಲೆ ಕೆರೆದು ಮುಗಿಸಿ, ಕುರಿ ಬಿಟ್ಟು, ಕೈ ಒರೆಸಿಕೊಂಡು ಬಂದ. ಮೊನ್ನೆ ಭಾನುವಾರದಿಂದ ಹೆಸರು ಮತ್ತೆ ಕೂಗುತ್ತಿದ್ದಾರೆ. ಮದುವೆ ಬರುವ ವಾರ ಶುಕ್ರವಾರ, ಪಾದ್ರಿಗಳ ಮನೆಯ ಹಜಾರದಲ್ಲಿ. ನೀವಿಬ್ಬರೂ ಒಟ್ಟಿಗೆ ಬರಲಾಗುವುದಿಲ್ಲ, ಗೊತ್ತು. ನೀನು ಬಾ, ಅವನು ಅಪ್ಪನ ಹತ್ತಿರ ಇರಲಿ. ಗ್ಯಾವಿನ್‌ಗೆ ಕಾಗದ ಬರೆಯುವ ಮನಸ್ಸು ನನಗಿನ್ನೂ ಬಂದಿಲ್ಲ. ಬರುತ್ತದೆ. ಮೆಟ್ಟಿಲ ಮೇಲೆ ಕೂತವನ ಚಿತ್ರ ಮನಸ್ಸಿನಿಂದ ಹೋಗುತ್ತಿಲ್ಲ.

ಒಂದು ಕೇಳಿಕೊಳ್ಳುತ್ತೇನೆ ಫೀಮಿ, ನಡೆಸಿಕೊಡು. ಮುಂದೆ ಎಂದಾದರೂ ಅಪ್ಪನ ತಲೆ ಒಂದು ಗಳಿಗೆ ತಿಳಿಯಾಗಿ, ಅವನು “ಮಿರೆನ್ ಎಲ್ಲಿ?” ಎಂದು ಕೇಳಿದರೆ, ಅದನ್ನು ನನಗೆ ಬರೆಯಬೇಡ. ಬರೆದರೆ ನಾನು ಬಂದುಬಿಡುತ್ತೇನೆ.

ನಿನ್ನ,
ಮಿರೆನ್